ಸ್ವಯಂಸಿದ್ಧ ವಿಜ್ಞಾನಿ ಆಲಿವರ್ ಹೆವಿಸೈಡ್

ತಂತಿಯ ಒಂದು ಕೊನೆಯಲ್ಲಿ ಕೀಲಿಯನ್ನು ಒತ್ತಿ ಬಿಟ್ಟರೆ, ನೂರಾರು ಮೈಲಿ ದೂರದ ಮತ್ತೊಂದು ಕೊನೆಯಲ್ಲಿ ಏನು ಕಾಣಿಸಿಕೊಳ್ಳುತ್ತದೆ? ಮೇಲುನೋಟಕ್ಕೆ ಅತ್ಯಂತ ಸರಳವೆಂದು ತೋರುವ ಈ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ದೊಡ್ಡ ವಿದ್ವಾಂಸರನ್ನೂ ಕೋಟ್ಯಧೀಶ ವ್ಯಾಪಾರಿಗಳನ್ನೂ ಏಕಕಾಲಕ್ಕೆ ಕಾಡಿತು. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲನೆಯ ತಂತಿಯ ಮೂಲಕ ವಿಕ್ಟೋರಿಯಾ ರಾಣಿಯು ಅಮೆರಿಕೆಯ ಅಧ್ಯಕ್ಷನಿಗೆ ಕಳುಹಿಸಿದ 98 ಪದಗಳ ಸಂದೇಶವು ದಾಟಲು ಸುಮಾರು ಹದಿನಾರು ಗಂಟೆಗಳು ಹಿಡಿದವು. ಕೆಲವೇ ವಾರಗಳಲ್ಲಿ ಆ ತಂತಿಯೇ ಮೂಕವಾಯಿತು. ಚುಕ್ಕೆಗಳು ಹಿಗ್ಗಿ, ಒಂದರ ಬಾಲ ಮತ್ತೊಂದರ ತಲೆಯ ಮೇಲೆ ಬಿದ್ದು, ಅಕ್ಷರಗಳು ಕಲಸಿಹೋಗುತ್ತಿದ್ದವು. ಇದು ಏಕೆ ಹೀಗಾಗುತ್ತದೆ, ಇದನ್ನು ಹೇಗೆ ನಿವಾರಿಸಬೇಕು ಎಂಬುದನ್ನು ಕೊನೆಗೆ ತೋರಿಸಿಕೊಟ್ಟವನು ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ಹದಿನಾರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟ, ಕಿವಿ ಮಂದವಾದ, ಬಡ ಕುಶಲಕರ್ಮಿಯೊಬ್ಬನ ಕಿರಿಯ ಮಗನು ಅವನು.

ಆಲಿವರ್ ಹೆವಿಸೈಡನು 1850ನೆಯ ಇಸವಿ ಮೇ 18ರಂದು ಲಂಡನ್ ನಗರದ ಕ್ಯಾಮ್ಡನ್ ಟೌನ್ ಎಂಬ ಬಡಾವಣೆಯಲ್ಲಿ ಜನಿಸಿದನು. ತಂದೆ ಥಾಮಸನು ಮುದ್ರಣಕ್ಕಾಗಿ ಮರದ ಅಚ್ಚುಗಳಲ್ಲಿ ಚಿತ್ರ ಕೊರೆಯುವ ಕಸುಬಿನವನು. ಕಾಲ ಬದಲಾದಂತೆ ಆ ಕಸುಬಿನ ಆದಾಯ ಕುಗ್ಗುತ್ತಾ ಬಂದಿತ್ತು. ನಾಲ್ವರು ಗಂಡುಮಕ್ಕಳಲ್ಲಿ ಆಲಿವರನೇ ಕಡೆಯವನು. ಬಾಲ್ಯದಲ್ಲಿ ಬಂದ ಸ್ಕಾರ್ಲೆಟ್ ಜ್ವರವು ಅವನ ಶ್ರವಣಶಕ್ತಿಯನ್ನು ಕುಂದಿಸಿತು. ಇತರ ಮಕ್ಕಳೊಡನೆ ಬೆರೆಯಲಾರದ ಹುಡುಗನು ತನ್ನೊಳಗೇ ಒಂದು ಲೋಕವನ್ನು ಕಟ್ಟಿಕೊಂಡನು. ಮುಂದಿನ ಜೀವನದ ಒಂಟಿತನಕ್ಕೂ ಹಟಮಾರಿತನಕ್ಕೂ ಬೀಜ ಬಿದ್ದುದು ಅಲ್ಲಿಯೇ ಎಂದು ತೋರುತ್ತದೆ. 1865ರಲ್ಲಿ ನಡೆದ ಸಾರ್ವಜನಿಕ ಪರೀಕ್ಷೆಯೊಂದರಲ್ಲಿ 538 ಮಂದಿಯ ಪೈಕಿ ಅವನು ಐದನೆಯವನಾಗಿ ತೇರ್ಗಡೆ ಹೊಂದಿದನು. ಪ್ರಕೃತಿ ವಿಜ್ಞಾನದಲ್ಲಿ ಎಲ್ಲರಿಗಿಂತ ಮೇಲಾದನು. ಆದರೆ ಯೂಕ್ಲಿಡನ ರೇಖಾಗಣಿತದಲ್ಲಿ ಮಾತ್ರ ಹಿಂದೆ ಬಿದ್ದನು. ಪ್ರಮೇಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವ ಅಂದಿನ ಪದ್ಧತಿಯನ್ನು ಅವನು ಜೀವನದುದ್ದಕ್ಕೂ ಕ್ಷಮಿಸಲಿಲ್ಲ.

ಕಾಲೇಜಿಗೆ ಕಳುಹಿಸುವ ಶಕ್ತಿ ಮನೆಯವರಿಗೆ ಇರಲಿಲ್ಲ. ಒಂದು ಭಾಗ್ಯವೆಂದರೆ ತಾಯಿಯ ಸಹೋದರಿಯನ್ನು ಮದುವೆಯಾಗಿದ್ದವನು ತಂತಿವಾರ್ತೆಯ ಆದ್ಯರಲ್ಲಿ ಒಬ್ಬನಾದ ಚಾರ್ಲ್ಸ್ ವೀಟ್‌ಸ್ಟನ್. ಆ ಸಂಬಂಧದ ನೆರವಿನಿಂದ 1868ರಲ್ಲಿ ಹೆವಿಸೈಡನಿಗೆ ಡೆನ್ಮಾರ್ಕಿನ ಫ್ರೆಡರೀಸಿಯಾ ಎಂಬಲ್ಲಿ ತಂತಿ ಕಚೇರಿಯಲ್ಲಿ ಉದ್ಯೋಗ ದೊರೆಯಿತು. ಎರಡು ವರ್ಷಗಳ ತರುವಾಯ ಅವನು ಇಂಗ್ಲೆಂಡಿನ ನ್ಯೂಕಾಸಲಿಗೆ ಬಂದನು. ಸಮುದ್ರದಾಚೆಗೆ ಒಂದು ದಿಕ್ಕಿನಲ್ಲಿ ಕಳುಹಿಸಬಹುದಾದ ವೇಗದಲ್ಲಿ ಮತ್ತೊಂದು ದಿಕ್ಕಿನಲ್ಲಿ ಸುದ್ದಿ ಕಳುಹಿಸಲು ಆಗದು ಎಂಬ ವಿಚಿತ್ರವನ್ನು ಅಲ್ಲಿನ ಕೆಲಸಗಾರರೆಲ್ಲ ಬಲ್ಲರು. ಅದರ ಕಾರಣವನ್ನು ಗಣಿತದಿಂದ ಶೋಧಿಸಹೊರಟವನು ಈ ಯುವಕನೊಬ್ಬನೇ. 1873ರಲ್ಲಿ ವೀಟ್‌ಸ್ಟನ್ನನ ಸೇತುವೆಯನ್ನು ಕುರಿತು ಅವನು ಬರೆದ ಲೇಖನವು ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಗಿ ಮ್ಯಾಕ್ಸ್‌ವೆಲ್ಲನ ಗಮನವನ್ನೂ ಸೆಳೆಯಿತು. ಅದೇ ವರ್ಷ ಮ್ಯಾಕ್ಸ್‌ವೆಲ್ಲನ ವಿದ್ಯುತ್ಕಾಂತ ಸಿದ್ಧಾಂತದ ಮಹಾಗ್ರಂಥ ಹೊರಬಂದಿತು. ಅದನ್ನು ಪುಸ್ತಕಾಲಯದಲ್ಲಿ ಕಂಡ ಹೆವಿಸೈಡನಿಗೆ, ಇದನ್ನು ಪೂರ್ತಿಯಾಗಿ ಅರಗಿಸಿಕೊಳ್ಳದೆ ಬದುಕಿಗೆ ಅರ್ಥವಿಲ್ಲವೆನ್ನಿಸಿತು. 1874ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ಕೆಲಸವನ್ನು ಬಿಟ್ಟು ತಂದೆತಾಯಿಗಳ ಮನೆಗೆ ಹಿಂದಿರುಗಿದನು. ಆಮೇಲೆ ಅವನು ಎಂದೂ, ಎಲ್ಲಿಯೂ ಸಂಬಳದ ಕೆಲಸ ಮಾಡಲಿಲ್ಲ. ದೀಪದ ಬೆಳಕಿನಲ್ಲಿ, ಹೊಗೆ ತುಂಬಿದ ಮುಚ್ಚಿದ ಕೋಣೆಯಲ್ಲಿ ಕುಳಿತು ಬೀಜಗಣಿತ, ಕಲನಶಾಸ್ತ್ರಗಳನ್ನು ತಾನೇ ಕಲಿತನು. ಲೌಕಿಕರ ಕಣ್ಣಿಗೆ ಇದು ಸೋಮಾರಿತನ. ಆದರೆ ಕಾಯಕವೆಂಬ ಮಾತಿಗೆ ಸಂಬಳವು ಲಕ್ಷಣವಲ್ಲವೆಂಬುದನ್ನು ಬಲ್ಲವರಿಗೆ ಹೆವಿಸೈಡನ ಈ ವರ್ಷಗಳು ವಿಚಿತ್ರವೆನಿಸಲಾರವು.

ಮ್ಯಾಕ್ಸ್‌ವೆಲ್ಲನ ಸಿದ್ಧಾಂತವನ್ನು ಇಂದು ಎಲ್ಲ ವಿದ್ಯಾರ್ಥಿಗಳೂ ನಾಲ್ಕು ಸಮೀಕರಣಗಳ ರೂಪದಲ್ಲಿ ಓದುತ್ತಾರೆ. ಆ ರೂಪವನ್ನು ಕೊಟ್ಟವನು ಮ್ಯಾಕ್ಸ್‌ವೆಲ್ಲನಲ್ಲ. ಅನೇಕ ಸಮೀಕರಣಗಳಲ್ಲಿ ಹರಡಿಕೊಂಡಿದ್ದ ವಿಷಯವನ್ನು ಸದಿಶಗಳ ಭಾಷೆಯಲ್ಲಿ ನಾಲ್ಕಕ್ಕೆ ಇಳಿಸಿದ ಕೆಲಸವು 1884ರಿಂದ 1885ರ ಅವಧಿಯಲ್ಲಿ ಹೆವಿಸೈಡನಿಂದ ಆಯಿತು. ಜರ್ಮನಿಯ ಹರ್ಟ್ಸನು ಸ್ವತಂತ್ರವಾಗಿ ಇದೇ ದಾರಿಯಲ್ಲಿ ನಡೆದನು. ಈ ಒಂದು ಕಾರ್ಯವೇ ಒಬ್ಬ ಮನುಷ್ಯನ ಕೀರ್ತಿಗೆ ಸಾಕಾದೀತು. ಆದರೂ ಹೆವಿಸೈಡನ ಜೀವಮಾನದ ಹೋರಾಟವು ಮೊದಲಿನ ಆ ಸರಳ ಪ್ರಶ್ನೆಯ ಸುತ್ತಲೇ ನಡೆಯಿತು.

1850ರ ದಶಕದಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ಸಮುದ್ರದ ತಂತಿಯಲ್ಲಿ ವಿದ್ಯುತ್ತು ಹರಡುವ ರೀತಿಯು ಕಬ್ಬಿಣದ ಸರಳಿನಲ್ಲಿ ಶಾಖವು ಹರಡುವ ರೀತಿಯನ್ನೇ ಹೋಲುತ್ತದೆಂದು ತೋರಿಸಿದ್ದನು. ತಂತಿಯ ಉದ್ದ ಎರಡರಷ್ಟಾದರೆ ವಿಳಂಬವು ನಾಲ್ಕರಷ್ಟಾಗುತ್ತದೆ. ಈ ಲೆಕ್ಕದಲ್ಲಿ ತಂತಿಯ ರೋಧ ಮತ್ತು ಧಾರಕತೆ ಎರಡೇ ಇದ್ದವು. ಹೆವಿಸೈಡನು 1876ರಲ್ಲಿ ಇದಕ್ಕೆ ಪ್ರೇರಕತ್ವವನ್ನು ಸೇರಿಸಿದನು. ತರುವಾಯ ಹೊದಿಕೆಯ ಮೂಲಕ ಆಗುವ ಸೋರಿಕೆಯನ್ನೂ ಸೇರಿಸಿದನು. 1887ರ ವೇಳೆಗೆ ಅವನಿಗೆ ಒಂದು ಆಶ್ಚರ್ಯಕರವಾದ ಫಲ ದೊರೆಯಿತು. ರೋಧಕ್ಕೂ ಪ್ರೇರಕತ್ವಕ್ಕೂ ಇರುವ ಪ್ರಮಾಣವು ಸೋರಿಕೆಗೂ ಧಾರಕತೆಗೂ ಇರುವ ಪ್ರಮಾಣಕ್ಕೆ ಸಮನಾಗಿದ್ದರೆ, ಸಂಕೇತವು ದಾರಿಯಲ್ಲಿ ಕ್ಷೀಣಿಸಿದರೂ ಆಕಾರಗೆಡುವುದಿಲ್ಲ. ಸಾಮಾನ್ಯ ತಂತಿಗಳಲ್ಲಿ ಪ್ರೇರಕತ್ವವು ಬೇಕಾದುದಕ್ಕಿಂತ ಬಹಳ ಕಡಿಮೆಯಾಗಿರುವುದರಿಂದ, ಅದನ್ನು ಬುದ್ಧಿಪೂರ್ವಕವಾಗಿ ಹೆಚ್ಚಿಸಬೇಕು ಎಂಬುದು ಇದರ ತಾತ್ಪರ್ಯ.

ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ ತಜ್ಞನಾಗಿದ್ದ ವಿಲಿಯಂ ಪ್ರೀಸ್ ಇದಕ್ಕೆ ತದ್ವಿರುದ್ಧವಾದ ಮಾತನ್ನು ಹೇಳುತ್ತಿದ್ದನು. ಪ್ರೇರಕತ್ವವೇ ದೂರವಾಣಿಯ ಶತ್ರು ಎಂಬುದು ಅವನ ಮತ. ಹೆವಿಸೈಡನ ಅಣ್ಣ ಆರ್ಥರನು ಅದೇ ಇಲಾಖೆಯ ಇಂಜಿನಿಯರನಾಗಿದ್ದನು. ಸೋದರರಿಬ್ಬರೂ ಕೂಡಿ ಸಿದ್ಧಪಡಿಸಿದ ಪ್ರಬಂಧವೊಂದು 1887ರಲ್ಲಿ ಪ್ರೀಸನ ಅಡ್ಡಿಯಿಂದಾಗಿ ಬೆಳಕು ಕಾಣಲಿಲ್ಲ. ಅದೇ ವರ್ಷ ಎಲೆಕ್ಟ್ರಿಷಿಯನ್ ಪತ್ರಿಕೆಯ ಸಂಪಾದಕನು ಬದಲಾಗಿ, ಹೆವಿಸೈಡನ ಲೇಖನಮಾಲೆಯೂ ನಿಂತುಹೋಯಿತು. ಪ್ರಬಂಧವನ್ನು ತಡೆದವರ ಮೇಲೆ ಹೆವಿಸೈಡನು ಬರವಣಿಗೆಯಲ್ಲಿ ಎಸೆದ ವ್ಯಂಗ್ಯಬಾಣಗಳು ಮೊನಚಾಗಿದ್ದವು. ಅವು ಅವನ ಪಕ್ಷಕ್ಕೆ ಹಿತವನ್ನು ಮಾಡಲಿಲ್ಲವೆಂಬುದನ್ನೂ ಹೇಳಲೇಬೇಕು. 1889ರಲ್ಲಿ ಕೆಲ್ವಿನ್ನನು ಅಧ್ಯಕ್ಷಪೀಠದಿಂದ ಅವನ ಕಾರ್ಯವನ್ನು ಪ್ರಶಂಸಿಸಿದ ಮೇಲೆ ಗಾಳಿ ತಿರುಗಿತು. 1891ರಲ್ಲಿ ಅವನು ರಾಯಲ್ ಸೊಸೈಟಿಯ ಸದಸ್ಯನಾಗಿ ಚುನಾಯಿತನಾದನು. ವಿಧಿವತ್ತಾಗಿ ಸೇರ್ಪಡೆಯಾಗಲು ಲಂಡನ್ನಿಗೆ ಹೋಗುವ ಶ್ರಮವನ್ನು ಮಾತ್ರ ಅವನು ತೆಗೆದುಕೊಳ್ಳಲಿಲ್ಲ.

ಇಲ್ಲಿ ಹೆವಿಸೈಡನ ಗಣಿತದ ತಿರುಳನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕಾಗಿದೆ. ಏಕೆಂದರೆ ಇಂದಿನ ಇಂಜಿನಿಯರಿಂಗ್ ತರಗತಿಗಳಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವ ಸ್ಥಳವೂ ಇದೇ. ಕೀಲಿಯನ್ನು ಒತ್ತಿದಾಗ ತಂತಿಯ ಮೇಲಿನ ವಿದ್ಯುದ್ಬಲವು ಸೊನ್ನೆಯಿಂದ ಒಂದಕ್ಕೆ ಒಮ್ಮೆಲೇ ಏರಿ ಅಲ್ಲಿಯೇ ನಿಲ್ಲುತ್ತದೆ. ಹೆವಿಸೈಡನ ಹೆಸರಿನಿಂದಲೇ ಪ್ರಸಿದ್ಧವಾದ ಮೆಟ್ಟಿಲು ಫಲನ ಇದೇ. ಕೀಲಿಯನ್ನು ಬಿಡುವುದೆಂದರೆ ಸ್ವಲ್ಪ ಕಾಲದ ತರುವಾಯ ಅಂಥದೇ ಇನ್ನೊಂದು ಮೆಟ್ಟಿಲನ್ನು ಕಳೆಯುವುದು. ಹೀಗೆ ತಂತಿವಾರ್ತೆಯ ಒಂದು ಚುಕ್ಕೆ, ಅಂದರೆ ಒಂದು ಆಯತಾಕಾರದ ಸ್ಪಂದವು, ಎರಡು ಮೆಟ್ಟಿಲುಗಳ ವ್ಯತ್ಯಾಸವಾಗುತ್ತದೆ. ಇನ್ನು ಆ ಸ್ಪಂದವನ್ನು ಲೆಕ್ಕವಿಲ್ಲದಷ್ಟು ಸೂಕ್ಷ್ಮ ಕ್ಷಣಗಳಾಗಿ ಸೀಳಿದರೆ, ಪ್ರತಿಯೊಂದು ಕ್ಷಣದ ಒತ್ತುವಿಕೆಯೂ ದೂರದ ಕೊನೆಯಲ್ಲಿ ತನ್ನದೊಂದು ಅನುರಣನವನ್ನು ಮೂಡಿಸುತ್ತದೆ. ಈಗಿನ ಕ್ಷಣದಲ್ಲಿ ಅಲ್ಲಿ ಕಾಣುವುದು ಹಿಂದಿನ ಎಲ್ಲ ಕ್ಷಣಗಳ ಅನುರಣನಗಳ ಮೊತ್ತ. ಈ ಬಗೆಯ ಮೊತ್ತವನ್ನು ಶಾಖದ ವಿಷಯದಲ್ಲಿ ಫ್ರಾನ್ಸಿನ ಡುಹಾಮೆಲನು 1830ರ ದಶಕದಲ್ಲಿಯೇ ಬಳಸಿದ್ದನು. ಇಂದು ಇದಕ್ಕೆ ಕನ್ವಲ್ಯೂಷನ್ ಎಂದು ಹೆಸರು. ಜರ್ಮನರು ಇದನ್ನು ಮಡಿಕೆ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಮೊತ್ತ ಹಾಕುವಾಗ ಒಂದು ಫಲನವನ್ನು ಕಾಲದಲ್ಲಿ ಹಿಂದುಮುಂದಾಗಿ ಮಡಿಸಿ, ಮತ್ತೊಂದರ ಮೇಲೆ ಸರಿಸುತ್ತಾ ಹೋಗಬೇಕಾಗುವುದೇ ಆ ಹೆಸರಿಗೆ ಕಾರಣ.

ಕಷ್ಟವಿರುವುದು ಅನುಕಲನದ ಮಿತಿಗಳಲ್ಲಿ. ಸೂತ್ರವು ಅನಾದಿಯಿಂದ ಅನಂತದವರೆಗೆ ಕೂಡಿಸು ಎನ್ನುತ್ತದೆ. ಆದರೆ ಸ್ಪಂದಗಳು ಇಲ್ಲದ ಕಡೆ ಕೂಡಿಸಲು ಏನೂ ಇಲ್ಲ. ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕಳುಹಿಸಿದ ಸ್ಪಂದವು ಸೊನ್ನೆಯ ಕ್ಷಣದಿಂದ 2 ಸೆಕೆಂಡುಗಳವರೆಗೆ ಇರಲಿ, ಎತ್ತರ ಒಂದು. ವ್ಯವಸ್ಥೆಯ ಅನುರಣನವೂ ಆಯತಾಕಾರದ್ದೇ ಆಗಿ 3 ಸೆಕೆಂಡುಗಳವರೆಗೆ ಇರಲಿ, ಅದರ ಎತ್ತರವೂ ಒಂದು. ನೋಡುತ್ತಿರುವ ಕ್ಷಣವನ್ನು ಟಿ ಎನ್ನಬಹುದು. ಮೊದಲನೆಯ ಸ್ಪಂದವು ಸೊನ್ನೆಯಿಂದ 2ರವರೆಗೆ ಸ್ಥಿರವಾಗಿ ನಿಂತಿದೆ. ಮಡಿಸಿದ ಎರಡನೆಯದು ಟಿ ಗಿಂತ 3 ಸೆಕೆಂಡು ಹಿಂದಿನಿಂದ ಹಿಡಿದು ಟಿ ಯವರೆಗೆ ವ್ಯಾಪಿಸಿ, ಟಿ ಬೆಳೆದಂತೆ ಬಲಕ್ಕೆ ಸರಿಯುತ್ತದೆ. ನಿಂತ ಹಲಗೆಯೊಂದರ ಮೇಲೆ ಮತ್ತೊಂದು ಹಲಗೆಯನ್ನು ತಳ್ಳಿದಂತೆ ಇದು. ಎರಡೂ ಒಂದರ ಮೇಲೊಂದು ಬಿದ್ದಿರುವ ಭಾಗದಲ್ಲಿ ಮಾತ್ರ ಗುಣಲಬ್ಧ ಸೊನ್ನೆಯಲ್ಲ. ಆದುದರಿಂದ ಕೆಳಮಿತಿಯು ಎರಡರ ಎಡ ಅಂಚುಗಳಲ್ಲಿ ಯಾವುದು ಹೆಚ್ಚು ಬಲಕ್ಕಿದೆಯೋ ಅದು. ಮೇಲ್ಮಿತಿಯು ಎರಡರ ಬಲ ಅಂಚುಗಳಲ್ಲಿ ಯಾವುದು ಹೆಚ್ಚು ಎಡಕ್ಕಿದೆಯೋ ಅದು. ಇಷ್ಟೇ ಅದರ ಗುಟ್ಟು.

ಟಿ ಸೊನ್ನೆಗಿಂತ ಕಡಿಮೆಯಾದಾಗ ಹಲಗೆಗಳು ಮುಟ್ಟುವುದೇ ಇಲ್ಲ, ಉತ್ತರ ಸೊನ್ನೆ. ಸೊನ್ನೆಯಿಂದ 2ರವರೆಗೆ ಮಿತಿಗಳು ಸೊನ್ನೆ ಮತ್ತು ಟಿ. ಉತ್ತರ ಟಿ, ಏರುತ್ತಾ ಹೋಗುತ್ತದೆ. 2ರಿಂದ 3ರವರೆಗೆ ಚಿಕ್ಕ ಹಲಗೆಯು ಪೂರ್ತಿಯಾಗಿ ಮುಚ್ಚಿಹೋಗಿರುವುದರಿಂದ ಮಿತಿಗಳು ಸೊನ್ನೆ ಮತ್ತು 2. ಉತ್ತರ 2ರಲ್ಲಿ ನಿಲ್ಲುತ್ತದೆ. 3ರಿಂದ 5ರವರೆಗೆ ಕೆಳಮಿತಿಯು ಟಿ ಯಲ್ಲಿ 3 ಕಳೆದುದು, ಮೇಲ್ಮಿತಿ 2. ಉತ್ತರ 5ರಲ್ಲಿ ಟಿ ಕಳೆದುದು, ಇಳಿಯುತ್ತಾ ಬಂದು 5ನೆಯ ಸೆಕೆಂಡಿಗೆ ಸೊನ್ನೆ ಮುಟ್ಟುತ್ತದೆ. ಎರಡು ಆಯತಗಳಿಂದ ಒಂದು ತ್ರಾಪಿಜ್ಯ ಹುಟ್ಟಿತು. ಅದರ ವಿಸ್ತೀರ್ಣ 6. ಮೂಲ ಆಯತಗಳ ವಿಸ್ತೀರ್ಣಗಳಾದ 2 ಮತ್ತು 3ರ ಗುಣಲಬ್ಧವೂ 6. ಲೆಕ್ಕ ಸರಿಯೇ ತಪ್ಪೇ ಎಂಬುದನ್ನು ನೋಡಲು ಇದೊಂದು ಒಳ್ಳೆಯ ಒರೆಗಲ್ಲು. ಸೊನ್ನೆಯಿಂದ ಟಿ ಯವರೆಗೆ ಎಂಬ ಮಿತಿಗಳನ್ನೇ ಎಲ್ಲ ಕಾಲಕ್ಕೂ ಬರೆದು, ಫಲನಗಳು ಎಲ್ಲಿ ಮುಗಿದವೆಂಬುದನ್ನು ಮರೆತ ವಿದ್ಯಾರ್ಥಿಗೆ ಎಂದೆಂದಿಗೂ ಬೆಳೆಯುವ ಉತ್ತರ ಬರುತ್ತದೆ. ಮುಗಿದುಹೋದ ಸ್ಪಂದವು ಬೆಳೆಯುತ್ತಲೇ ಇರುವುದು ಅಸಂಭವವೆಂದು ಅವನಿಗೆ ಹೊಳೆಯದಿದ್ದರೆ ತಪ್ಪು ಅವನದು ಮಾತ್ರವಲ್ಲ. ಚಿತ್ರವನ್ನು ಬರೆಸದೆ ಸೂತ್ರವನ್ನು ಮಾತ್ರ ಬರೆಸಿದ ಅಧ್ಯಾಪಕರಿಗೂ ಅದರಲ್ಲಿ ಪಾಲುಂಟು.

ಹೆವಿಸೈಡನ ಮೆಟ್ಟಿಲುಗಳು ಈ ತೊಡಕನ್ನು ಇನ್ನೊಂದು ರೀತಿಯಲ್ಲಿ ಬಿಡಿಸುತ್ತವೆ. ಎರಡು ಮೆಟ್ಟಿಲುಗಳ ಕನ್ವಲ್ಯೂಷನ್ನು ಒಂದು ಇಳಿಜಾರು. ಎರಡೂ ಮೆಟ್ಟಿಲುಗಳ ಆರಂಭಕಾಲಗಳ ಮೊತ್ತದಲ್ಲಿ ಅದು ಆರಂಭವಾಗುತ್ತದೆ. ಮೇಲಿನ ಎರಡು ಸ್ಪಂದಗಳನ್ನು ಮೆಟ್ಟಿಲುಗಳಾಗಿ ಒಡೆದರೆ ನಾಲ್ಕು ಇಳಿಜಾರುಗಳು ಸಿಕ್ಕುತ್ತವೆ: ಸೊನ್ನೆಯಲ್ಲಿ ಹುಟ್ಟುವ ಒಂದು ಧನ, 2 ಮತ್ತು 3ರಲ್ಲಿ ಹುಟ್ಟುವ ಎರಡು ಋಣ, 5ರಲ್ಲಿ ಹುಟ್ಟುವ ಇನ್ನೊಂದು ಧನ. ಅವುಗಳನ್ನು ಕೂಡಿಸಿದರೆ ಅದೇ ತ್ರಾಪಿಜ್ಯ. ಮಿತಿಗಳನ್ನು ಹುಡುಕುವ ಕೆಲಸವನ್ನು ಮೆಟ್ಟಿಲುಗಳೇ ಹೊತ್ತುಕೊಂಡವು.

ಇನ್ನು ಆಕಾರಗೆಡದ ತಂತಿಯ ವಿಷಯ. ಅಂತಹ ತಂತಿಯ ಅನುರಣನವು ಹರಡಿಕೊಳ್ಳದೆ ಒಂದೇ ಕ್ಷಣಕ್ಕೆ ಕುಗ್ಗಿರುತ್ತದೆ. ಮೊತ್ತ ಹಾಕಲು ಉಳಿಯುವುದು ಒಂದೇ ಬಿಂದು. ಆದುದರಿಂದ ಕಳುಹಿಸಿದ ಸ್ಪಂದವೇ ತಡವಾಗಿ, ಕ್ಷೀಣವಾಗಿ, ಆದರೆ ಆಯತವಾಗಿಯೇ ಹೊರಬರುತ್ತದೆ. 1858ರ ಸಾಗರದ ತಂತಿಯಲ್ಲಿ ಆಗದೇ ಹೋದದ್ದು ಇದೇ.

ಹೆವಿಸೈಡನು ಇದನ್ನೆಲ್ಲ ಅನುಕಲನದ ಚಿಹ್ನೆಗಳಿಂದ ಮಾಡದೆ ಕಾರಕಗಳಿಂದ ಮಾಡಿದನು. ಅವಕಲನವನ್ನು ಪಿ ಎಂಬ ಒಂದು ಅಕ್ಷರದಿಂದ ಸೂಚಿಸಿ, ಅದನ್ನು ಸಂಖ್ಯೆಯಂತೆಯೇ ಗುಣಿಸಿ ಭಾಗಿಸಿ, ಕಠಿಣವಾದ ಸಮೀಕರಣಗಳನ್ನು ಬೀಜಗಣಿತದ ಲೆಕ್ಕಗಳನ್ನಾಗಿ ಮಾಡಿಬಿಟ್ಟನು. ಪಿ ಯಿಂದ ಭಾಗಿಸುವುದೆಂದರೆ ಸೊನ್ನೆಯ ಕ್ಷಣದಿಂದ ಈಗಿನ ಕ್ಷಣದವರೆಗೆ ಅನುಕಲಿಸುವುದು. ಆ ಕೆಳಮಿತಿಯು ಸೊನ್ನೆಯೇ ಆಗಿರಬೇಕು, ಅದಕ್ಕೆ ಮೊದಲು ಎಲ್ಲವೂ ನಿಶ್ಚಲವಾಗಿರಬೇಕು ಎಂಬ ನಿಯಮದ ಮೇಲೆ ಇಡೀ ಕಟ್ಟಡ ನಿಂತಿತ್ತು. ಅವಕಲಿಸಿ ಅನುಕಲಿಸಿದರೂ ಅನುಕಲಿಸಿ ಅವಕಲಿಸಿದರೂ ಒಂದೇ ಫಲ ಬರಬೇಕಾದರೆ ಈ ನಿಯಮ ಬೇಕೇಬೇಕು. ಮೆಟ್ಟಿಲನ್ನು ಅವಕಲಿಸಿದಾಗ ಬರುವ ಕ್ಷಣಮಾತ್ರದ ಅನಂತ ಸ್ಪಂದವನ್ನೂ ಅವನು ಅಂಜದೆ ಬಳಸಿದನು. ಇಂಜಿನಿಯರಿಂಗ್ ಓದಿದ್ದ ಡಿರ್ಯಾಕನು ಮುಂದೆ ಕ್ವಾಂಟಂ ಸಿದ್ಧಾಂತದಲ್ಲಿ ಪ್ರಸಿದ್ಧಗೊಳಿಸಿದ್ದು ಇದನ್ನೇ. ಗಣಿತಜ್ಞರಿಗೆ ಇದು ರುಚಿಸಲಿಲ್ಲ. 1893 ಮತ್ತು 1894ರಲ್ಲಿ ರಾಯಲ್ ಸೊಸೈಟಿಯು ಅವನ ಪ್ರಬಂಧದ ಮೊದಲೆರಡು ಭಾಗಗಳನ್ನು ಅಚ್ಚು ಹಾಕಿಸಿತು. ಮೂರನೆಯ ಭಾಗವನ್ನು ತಿರಸ್ಕರಿಸಿತು. ಸಾಧನೆಗಳ ಫಲಗಳು ಸರಿಯಾಗಿದ್ದರೂ ಅವುಗಳಿಗೆ ಸಿದ್ಧತೆಯ ಆಧಾರವಿಲ್ಲವೆಂಬುದು ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಬಾಗಿಲನ್ನು ಮುಚ್ಚುವುದು ಅದಕ್ಕೆ ಉತ್ತರವಾಗಿರಲಿಲ್ಲ.

ಆ ವೇಳೆಗೆ ಹೆವಿಸೈಡನ ಸಂಸಾರವು 1889ರಿಂದ ಡೆವನ್ ಪ್ರಾಂತದ ಪೇನ್ಟನ್ ಊರಿನಲ್ಲಿ, ಅಣ್ಣ ಚಾರ್ಲ್ಸನ ಸಂಗೀತವಾದ್ಯಗಳ ಅಂಗಡಿಯ ಮೇಲಿನ ಮನೆಯಲ್ಲಿ ವಾಸವಾಗಿತ್ತು. 1894ರಲ್ಲಿ ತಾಯಿಯೂ 1896ರಲ್ಲಿ ತಂದೆಯೂ ತೀರಿಕೊಂಡರು. ಬಡತನವು ಬಾಗಿಲಲ್ಲೇ ನಿಂತಿತ್ತು. 1894ರಲ್ಲಿ ಮಿತ್ರರು ರಾಯಲ್ ಸೊಸೈಟಿಯ ಸಹಾಯನಿಧಿಯಿಂದ ಹಣ ಕೊಡಿಸಲು ಮುಂದಾದಾಗ, ಅದು ಭಿಕ್ಷೆಯೆಂದು ಅವನು ನಿರಾಕರಿಸಿದನು. ಫಿಟ್ಜ್‌ಜೆರಾಲ್ಡ್, ಪೆರಿ ಮೊದಲಾದವರು ಬೇಸರಗೊಳ್ಳಲಿಲ್ಲ. ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ ಎಂದು ಅವನಿಗೆ ಅನಿಸದ ಹಾಗೆ, 1896ರಲ್ಲಿ ಸರಕಾರದಿಂದಲೇ ವರ್ಷಕ್ಕೆ 120 ಪೌಂಡುಗಳ ಗೌರವವೇತನ ದೊರೆಯುವಂತೆ ಮಾಡಿದರು. ವಿದ್ಯೆಗೆ ಸಂದ ಮನ್ನಣೆಯೆಂದು ಅವನು ಅದನ್ನು ಒಪ್ಪಿದನು. 1914ರಲ್ಲಿ ಅದು 220 ಪೌಂಡುಗಳಿಗೆ ಏರಿತು. ದಾಸೋಹದ ಅರ್ಥವನ್ನು ಬಲ್ಲ ದಾನಿಗಳಿಗೆ ಈ ಸೂಕ್ಷ್ಮವನ್ನು ವಿವರಿಸಬೇಕಾಗಿಲ್ಲ.

ತಂತಿಯಲ್ಲಿ ಪ್ರೇರಕತ್ವವನ್ನು ಹೆಚ್ಚಿಸುವ ಉಪಾಯವು ಕಾರ್ಯಗತವಾದುದು ಇಂಗ್ಲೆಂಡಿನಲ್ಲಲ್ಲ, ಅಮೆರಿಕೆಯಲ್ಲಿ. ಮೈಕೆಲ್ ಪ್ಯೂಪಿನ್ ಮತ್ತು ಜಾರ್ಜ್ ಕ್ಯಾಂಬೆಲ್ ಎಂಬುವರು ದೂರವಾಣಿ ತಂತಿಗೆ ನಿಯತ ಅಂತರಗಳಲ್ಲಿ ಸುರುಳಿಗಳನ್ನು ಸೇರಿಸುವ ವಿಧಾನವನ್ನು 1900ರ ಸುಮಾರಿಗೆ ಸಿದ್ಧಪಡಿಸಿದರು. ಪ್ಯೂಪಿನ್ನನು ಪೇಟೆಂಟಿನಿಂದ ಶ್ರೀಮಂತನಾದನು. ಯಾವ ಪೇಟೆಂಟನ್ನೂ ಪಡೆಯದೆ 1887ರಲ್ಲೇ ತತ್ತ್ವವನ್ನು ಅಚ್ಚಿನಲ್ಲಿ ಬಿಟ್ಟುಕೊಟ್ಟಿದ್ದ ಹೆವಿಸೈಡನಿಗೆ ಅದರಿಂದ ಒಂದು ಕಾಸೂ ಬರಲಿಲ್ಲ. 1902ರಲ್ಲಿ ಬ್ರಿಟಾನಿಕಾ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ವಾಯುಮಂಡಲದ ಮೇಲ್ಭಾಗದಲ್ಲಿ ವಿದ್ಯುದ್ವಾಹಕ ಪದರವೊಂದು ಇರಬಹುದು, ನಿಸ್ತಂತು ಅಲೆಗಳು ಭೂಮಿಯ ವಕ್ರತೆಯನ್ನು ಅನುಸರಿಸಲು ಅದೇ ಕಾರಣವಾಗಬಹುದು ಎಂದು ಅವನು ಊಹಿಸಿದನು. ಅಮೆರಿಕೆಯ ಕೆನೆಲಿಯೂ ಅದೇ ವರ್ಷ ಅದೇ ಊಹೆಗೆ ಬಂದನು.

ಕೊನೆಯ ವರ್ಷಗಳು ಟಾರ್ಕಿ ಊರಿನಲ್ಲಿ, 1908ರಿಂದ, ಕಳೆದವು. ಕಿವುಡು, ಕಾಮಾಲೆ, ನೆರೆಹೊರೆಯ ತುಂಟ ಹುಡುಗರ ಕಾಟ, ಅನಿಲದ ಬಾಕಿಯ ಜಗಳ ಇವೆಲ್ಲ ಅವನ ಪತ್ರಗಳಲ್ಲಿ ತುಂಬಿವೆ. ಸ್ವಭಾವವೂ ವಿಚಿತ್ರವಾಗುತ್ತಾ ಹೋಯಿತು. 1905ರಲ್ಲಿ ಗಟಿಂಗೆನ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನು ಕೊಟ್ಟಿತ್ತು. 1922ರಲ್ಲಿ ಇಂಗ್ಲೆಂಡಿನ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯು ಹೊಸದಾಗಿ ಸ್ಥಾಪಿಸಿದ ಫ್ಯಾರಡೆ ಪದಕವನ್ನು ಎಲ್ಲರಿಗಿಂತ ಮೊದಲು ಅವನಿಗೆ ಅರ್ಪಿಸಿತು. ಅದನ್ನು ಒಪ್ಪಿಸಲು ಸಂಸ್ಥೆಯ ಅಧ್ಯಕ್ಷನೇ ಅವನ ಮನೆಬಾಗಿಲಿಗೆ ಬಂದನು. 1924ರ ಡಿಸೆಂಬರಿನಲ್ಲಿ ಆಪಲ್‌ಟನ್ನನು ನಿಸ್ತಂತು ಅಲೆಗಳ ಪ್ರಯೋಗದಿಂದ ಆಕಾಶದ ಆ ಪದರವು ನಿಜವಾಗಿಯೂ ಇದೆಯೆಂದು ಕಂಡುಕೊಂಡನು. ಮುಂದಿನ ತಿಂಗಳು ಹೆವಿಸೈಡನು ಏಣಿಯಿಂದ ಬಿದ್ದು ಹಾಸಿಗೆ ಹಿಡಿದನು. 1925ನೆಯ ಇಸವಿ ಫೆಬ್ರವರಿ 3ರಂದು ಟಾರ್ಕಿಯ ಶುಶ್ರೂಷಾಲಯವೊಂದರಲ್ಲಿ ಅವನ ಪ್ರಾಣ ಹೋಯಿತು. ಪೇನ್ಟನ್ನಿನಲ್ಲಿ ತಂದೆತಾಯಿಗಳ ಸಮಾಧಿಯಲ್ಲಿಯೇ ಅವನನ್ನೂ ಇರಿಸಿದರು.

ಕಾರಕಗಳ ಗಣಿತಕ್ಕೆ ಬೇಕಾಗಿದ್ದ ಆಧಾರವನ್ನು ಇತರರು ಒಬ್ಬೊಬ್ಬರಾಗಿ ಒದಗಿಸಿದರು. 1916ರಲ್ಲಿ ಬ್ರಾಮ್ವಿಚ್, 1926ರಲ್ಲಿ ಗ್ರಂಥರೂಪದಲ್ಲಿ ಕಾರ್ಸನ್, 1937ರಲ್ಲಿ ಡೋಯೆಚ್ ಇವರು ಅದನ್ನು ಲಾಪ್ಲಾಸನ ಪರಿವರ್ತನೆಯ ಭದ್ರವಾದ ತಳಹದಿಯ ಮೇಲೆ ನಿಲ್ಲಿಸಿದರು; ಕಾರಕಗಳನ್ನು ಗುಣಿಸುವುದು ಮತ್ತು ಫಲನಗಳನ್ನು ಕನ್ವಲ್ಯೂಷನ್ನಿನಿಂದ ಬೆರೆಸುವುದು ಒಂದೇ ಕೆಲಸದ ಎರಡು ಮುಖಗಳೆಂಬುದು ಸ್ಪಷ್ಟವಾಯಿತು. 1953ರಲ್ಲಿ ಪೋಲೆಂಡಿನ ಯಾನ್ ಮಿಕುಸಿನ್ಸ್ಕಿಯು ಇನ್ನೊಂದು ಹೆಜ್ಜೆ ಮುಂದೆ ಹೋದನು. ಲಾಪ್ಲಾಸನ ಪರಿವರ್ತನೆಯ ಆಸರೆಯನ್ನೂ ಬಿಟ್ಟು, ಸೊನ್ನೆಯಿಂದ ಟಿ ಯವರೆಗಿನ ಮಿತಿಗಳುಳ್ಳ ಕನ್ವಲ್ಯೂಷನ್ನನ್ನೇ ಗುಣಾಕಾರವೆಂದು ಇಟ್ಟುಕೊಂಡು, ಹೆವಿಸೈಡನ ಪಿ ಯನ್ನು ಭಿನ್ನರಾಶಿಯಂತೆ ಶಾಸ್ತ್ರೋಕ್ತವಾಗಿ ಕಟ್ಟಿ ತೋರಿಸಿದನು. ಮೂರನೆಯ ಭಾಗವು ತಿರಸ್ಕೃತವಾಗಿ ಆಗ ಐವತ್ತೊಂಬತ್ತು ವರ್ಷಗಳಾಗಿದ್ದವು.